ಬನಾವೆಯ ಮೆಟ್ಟಿಲು ಗದ್ದೆ: ಅಡಿಬರಹದ ತಿದ್ದುಪಡಿ, ಜೊತೆಗೊಂದಿಷ್ಟು ವಿವರ

ಕಳೆದ ಸಂಚಿಕೆಯಲ್ಲಿ ಫಿಲಿಪ್ಪೀನ್ಸಿನ ಭತ್ತದ ಗದ್ದೆಗಳ ಚಿತ್ರವೊಂದನ್ನು ಪ್ರಕಟಿಸಿದ್ದೆವು. ಅದರ ಕೆಳಗೆ ‘ಬನಾವೆ ಪುರಸಭೆಯ 2000 ವರ್ಷ ಹಳೆಯ, ಯುನೆಸ್ಕೊ ಮನ್ನಣೆಯ ಗದ್ದೆಗಳು’ ಎಂದಿತ್ತು. ಶಿರಸಿ ಕಡೆಯ ಅಡಿಕೆ ಕೃಷಿಕರೊಬ್ಬರು ಅದನ್ನು ಓದಿ ನಾಲ್ಕು ಪ್ರಶ್ನೆ ಕೇಳಿದ್ದಾರೆ. ಪುರಸಭೆಗೆ ಗದ್ದೆ, ಕಾಡು ಎಲ್ಲಿಂದ ಬಂತು? 2000 ವರ್ಷಕ್ಕೆ ಆಧಾರವೇನು? ಇಷ್ಟು ಕಾಲ ನಿಂತ ಗದ್ದೆ ಈಗ ಕುಸಿಯುತ್ತಿದೆ ಎನ್ನುತ್ತಾರಲ್ಲ, ಏಕೆ? ತೋಟಕ್ಕೆ ಸೊಪ್ಪು ತರುವ ನಮ್ಮ ಕಾಡು, ಸೊಪ್ಪಿನ ಬೆಟ್ಟದಂಥದ್ದು ಅಲ್ಲಿಯೂ ಉಂಟೇ? ಮೊದಲೇ ಹೇಳಿಬಿಡುತ್ತೇವೆ: ಆ ಒಂದು ಸಾಲಿನಲ್ಲಿ ಮೂರು ತಪ್ಪುಗಳಿದ್ದವು.

ಮೊದಲನೆಯದು ‘ಪುರಸಭೆ’. ಫಿಲಿಪ್ಪೀನ್ಸಿನಲ್ಲಿ ಮುನಿಸಿಪಾಲಿಟಿ ಎಂದರೆ ಪಟ್ಟಣ ಮಾತ್ರವಲ್ಲ, ಅದರ ಸುತ್ತಲಿನ ಊರು, ಗದ್ದೆ, ಗುಡ್ಡ ಎಲ್ಲ ಸೇರಿದ ಆಡಳಿತ ಘಟಕ. ಮೇಲೆ ಪ್ರಾಂತ್ಯ, ಕೆಳಗೆ ಬರಂಗಾಯ್, ಬರಂಗಾಯ್‌ನೊಳಗೆ ಸಿತಿಯೊ ಎಂಬ ಕೇರಿಗಳು. ನಮ್ಮ ಲೆಕ್ಕದಲ್ಲಿ ಸಣ್ಣ ತಾಲ್ಲೂಕು ಎಂದುಕೊಂಡರೆ ಹೆಚ್ಚು ಸರಿ. ಬನಾವೆ ಇರುವುದು ಲುಜಾನ್ ದ್ವೀಪದ ಉತ್ತರದ ಕಾರ್ಡಿಲೆರಾ ಬೆಟ್ಟಗಳ ಇಫುಗಾವೊ ಪ್ರಾಂತ್ಯದಲ್ಲಿ. ಈ ಪ್ರಾಂತ್ಯ ಬೇರೆಯಾದದ್ದು 1966ರಲ್ಲಿ. ಬನಾವೆಯಲ್ಲಿ 18 ಬರಂಗಾಯ್‌ಗಳಿವೆ, ಜನಸಂಖ್ಯೆ ಸುಮಾರು 20 ಸಾವಿರ. ಮುನಿಸಿಪಾಲಿಟಿಗೆ ಚುನಾಯಿತ ಮೇಯರ್ ಮತ್ತು ಮಂಡಳಿ ಇರುವಂತೆ ಪ್ರತಿ ಬರಂಗಾಯ್‌ಗೂ ಒಬ್ಬ ಮುಖ್ಯಸ್ಥ, ಏಳು ಮಂದಿ ಸದಸ್ಯರು. ಬರಂಗಾಯ್‌ಗೊಂದು ರಾಜಿ ಸಮಿತಿಯೂ ಉಂಟು. ಒಂದೇ ಊರಿನ ಇಬ್ಬರ ನಡುವಿನ ನೀರಿನ ಜಗಳ, ಬದುವಿನ ಜಗಳದಂಥ ತಕರಾರು ಸಾಮಾನ್ಯವಾಗಿ ಅಲ್ಲಿ ವಿಚಾರಣೆಯಾಗದೆ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ.

ಎರಡನೆಯ ತಪ್ಪು ಯುನೆಸ್ಕೊ. 1995ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಇಫುಗಾವೊದ ಐದು ಗದ್ದೆ ಸಮೂಹಗಳು: ಬಟಾಡ್, ಬಂಗಾಆನ್, ಮಯೊಯಾವ್, ಹುಂಗ್ದುವಾನ್ ಮತ್ತು ಕಿಯಾಂಗಾನ್‌ನ ನಗಕಾದಾನ್. ಮೊದಲ ಎರಡು ಬನಾವೆ ಮುನಿಸಿಪಾಲಿಟಿಯ ಒಳಗೇ ಇವೆ. ಆದರೆ ನಾವು ಹಾಕಿದ್ದು ಬನಾವೆ ಪೇಟೆಯ ಮೇಲಿನ ನೋಟಕಟ್ಟೆಯಿಂದ ತೆಗೆದ ಚಿತ್ರ. 20 ಪೆಸೊ ನೋಟಿನ ಹಿಂಬದಿಯಲ್ಲೂ ಬನಾವೆಯ ಗದ್ದೆಗಳೇ ಇದ್ದವು. ಇಷ್ಟು ಪ್ರಸಿದ್ಧವಾದ ಆ ಇಳಿಜಾರು ಪಟ್ಟಿಯಲ್ಲಿ ಇಲ್ಲ.

ಮೂರನೆಯದು ವಯಸ್ಸು. 2000 ವರ್ಷವೆಂಬುದು ಅಮೆರಿಕದ ಮಾನವಶಾಸ್ತ್ರಜ್ಞ ಓಟ್ಲಿ ಬೇಯರ್ ಕಳೆದ ಶತಮಾನದಲ್ಲಿ ಮಾಡಿದ ಅಂದಾಜು. ಇಷ್ಟು ಗೋಡೆ ಕಟ್ಟಲು ಇಷ್ಟು ಕಾಲ ಬೇಕು ಎಂಬ ಲೆಕ್ಕದ ಮೇಲೆ ನಿಂತದ್ದು, ಮಣ್ಣು ಅಗೆದು ಕಂಡುಕೊಂಡದ್ದಲ್ಲ. ಸ್ಟೀಫನ್ ಅಕಬಾಡೊ ಮತ್ತು ಸಂಗಡಿಗರು ಕಿಯಾಂಗಾನ್‌ನ ಹಳೆ ಊರಿನ ನಿವೇಶನದಲ್ಲಿ ಉತ್ಖನನ ನಡೆಸಿ ಇಂಗಾಲದ ಕಾಲಮಾಪನ ಮಾಡಿದಾಗ ನೀರು ನಿಲ್ಲಿಸಿ ಭತ್ತ ಬೆಳೆಯುವ ಪದ್ಧತಿ ಅಲ್ಲಿ ಹರಡಿದ್ದು ಸುಮಾರು 400 ವರ್ಷಗಳ ಹಿಂದೆ ಎಂದು ಕಂಡಿತು. ಅದಕ್ಕೂ ಮೊದಲು ಅಲ್ಲಿ ಕೆಸುವಿನ ಬೆಳೆ. ಸ್ಪೇನಿನವರು ಮಗಾಟ್ ಕಣಿವೆಗೆ ಕಾಲಿಟ್ಟಾಗ ಜನ ಬೆಟ್ಟ ಹತ್ತಿ, ಅಲ್ಲಿ ಒಟ್ಟಾಗಿ ನೆಲೆನಿಂತು, ಭತ್ತದ ಬಲದಿಂದ ಶತಮಾನಗಳ ಕಾಲ ಅವರಿಗೆ ಮಣಿಯದೆ ಉಳಿದರು ಎಂಬುದು ಈ ಸಂಶೋಧಕರ ವಾದ. ವಯಸ್ಸು ಕಡಿಮೆಯಾಯಿತೆಂದು ಬೇಸರಪಡುವವರಿದ್ದಾರೆ. ನಮಗೆ ಮಾತ್ರ ಇದು ಹಳೆಯ ಅಂದಾಜಿಗಿಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಬೆನ್ನ ಹಿಂದೆ ಸೈನ್ಯವಿರುವಾಗ ಕೆಲವೇ ತಲೆಮಾರುಗಳಲ್ಲಿ ಇಡೀ ಗುಡ್ಡಗಳನ್ನು ಗದ್ದೆ ಮಾಡಿದ ಜನ ಅವರು.

ಇನ್ನು ಕುಸಿತದ ಪ್ರಶ್ನೆ. ಅದಕ್ಕೆ ಗದ್ದೆಯ ಒಳರಚನೆ ತಿಳಿಯಬೇಕು. ಅಡಿಯಲ್ಲಿ ಗಟ್ಟಿ ನೆಲದ ಮೇಲೆ ದೊಡ್ಡ ಕಲ್ಲುಗಳು, ಅವುಗಳ ಮೇಲೆ ಜಲ್ಲಿ, ಅದರ ಮೇಲೆ ನೀರು ಇಂಗದಂತೆ ತುಳಿದು ಗಟ್ಟಿಮಾಡಿದ ಜೇಡಿ, ಎಲ್ಲಕ್ಕೂ ಮೇಲೆ ಉಳುಮೆಯ ಕೆಸರು. ಹೊರಗೋಡೆ ಗುಡ್ಡದ ಕಡೆಗೆ ವಾಲಿರುತ್ತದೆ. ಬಟಾಡ್‌ನಲ್ಲಿ ಅದು ಗಾರೆಯಿಲ್ಲದ ಕಲ್ಲುಕಟ್ಟು. ಗೋಡೆಯ ಬೆನ್ನಿಗೆ ತುಂಬಿದ ಜಲ್ಲಿ ಒಳಗೆ ಸೇರಿದ ನೀರನ್ನು ಇಳಿಸಿಬಿಡುತ್ತದೆ. ಹೊಸ ಗದ್ದೆ ಕಟ್ಟುವಾಗ ಎಲ್ಲ ಮಣ್ಣನ್ನೂ ಹೊತ್ತು ತರುತ್ತಿರಲಿಲ್ಲ. ಮೇಲಿನಿಂದ ತೋಡು ತಿರುಗಿಸಿ, ಗುಡ್ಡದ ಮಣ್ಣನ್ನು ನೀರಿನಲ್ಲೇ ಕದಡಿ ಹರಿಸಿ, ಗೋಡೆಯ ಹಿಂದೆ ತಂಗಿಸುತ್ತಿದ್ದರು.

ಈ ಜೇಡಿಯ ಪದರವೇ ಗದ್ದೆಯ ಜೀವ. ಕೊಯ್ಲಾದ ಮೇಲೂ ನೀರು ಬಿಡದೆ ವರ್ಷವಿಡೀ ನಿಲ್ಲಿಸುವುದು ಇದರಿಂದಾಗಿಯೇ. ಒಮ್ಮೆ ಒಣಗಿದರೆ ಜೇಡಿ ಬಿರುಕುಬಿಡುತ್ತದೆ. ಮುಂದಿನ ಮಳೆಗೆ ಆ ಬಿರುಕಿನಲ್ಲಿ ಇಳಿದ ನೀರು ಗೋಡೆಯ ಬೆನ್ನಿನಲ್ಲಿ ತುಂಬಿ, ಕಲ್ಲನ್ನು ಹೊರಕ್ಕೆ ದೂಡುತ್ತದೆ. ಒಂದು ದರೆ ಜರಿದರೆ ಅದರ ಮಣ್ಣೂ ನೀರೂ ಕೆಳಗಿನ ಗದ್ದೆಯ ಮೇಲೆ ಬೀಳುತ್ತವೆ. ಒಣಗಿದ ಮಣ್ಣಿಗೆ ಉದ್ದನೆಯ ಎರೆಹುಳು ಸೇರಿ ಬದುವಿನಲ್ಲಿ ಸುರಂಗ ಕೊರೆಯುತ್ತದೆ. ನಮ್ಮಲ್ಲಿ ರೈತಮಿತ್ರ ಎನಿಸಿಕೊಂಡ ಹುಳು ಅಲ್ಲಿ ಶತ್ರು. ನೀರು ನಿಂತ ಕೆಸರಿನಲ್ಲಿ ಅದು ಹೆಚ್ಚುವುದಿಲ್ಲ.

ಇನ್ನೊಂದು ಕಾಟ ಹೊನ್ನಬಣ್ಣದ ಬಸವನಹುಳು. ದಕ್ಷಿಣ ಅಮೆರಿಕ ಮೂಲದ ಇದನ್ನು 1980ರ ದಶಕದಲ್ಲಿ ಆಹಾರಕ್ಕೆಂದು ಫಿಲಿಪ್ಪೀನ್ಸಿಗೆ ತಂದರು. ತಪ್ಪಿಸಿಕೊಂಡು ಗದ್ದೆ ಸೇರಿ ಎಳೆಯ ಸಸಿಯನ್ನು ಬುಡದಲ್ಲೇ ಕತ್ತರಿಸತೊಡಗಿತು. ಬಯಲುಸೀಮೆಯ ಗದ್ದೆಗೆ ಪರಿಹಾರವೆಂದರೆ ನಾಟಿಯಾದ ಮೇಲೆ ನೀರು ಬಸಿಯುವುದು, ತೇವ ಕಡಿಮೆಯಾದರೆ ಹುಳು ಓಡಾಡಲಾರದು. ಮೆಟ್ಟಿಲು ಗದ್ದೆಯಲ್ಲಿ ಅದನ್ನೇ ಮಾಡಿದರೆ ಜೇಡಿ ಬಿರಿಯುತ್ತದೆ. ವಿಷ ಹಾಕಿದರೆ ಗದ್ದೆಯಲ್ಲೇ ಸಿಗುವ ಮೀನು, ಜನ ತಿನ್ನುವ ಸ್ಥಳೀಯ ಬಸವನಹುಳು ಎರಡೂ ಸಾಯುತ್ತವೆ. ಹೀಗಾಗಿ ಕೈಯಿಂದ ಹೆಕ್ಕುವುದು, ಬಲಿತ ಸಸಿ ನೆಡುವುದು, ಇವೇ ಉಳಿದ ದಾರಿ. ಎರಡಕ್ಕೂ ಆಳು ಬೇಕು.

ಆಳಿನ ಕೊರತೆಯೇ ಎಲ್ಲದರ ಬುಡದಲ್ಲಿದೆ. ಅಲ್ಲಿನ ಸ್ಥಳೀಯ ಭತ್ತ ತಿನಾವೊನ್. ‘ವರ್ಷಕ್ಕೊಮ್ಮೆ’ ಎಂಬುದೇ ಆ ಹೆಸರಿನ ಅರ್ಥ. ವರ್ಷದ ಕೊನೆಗೆ ಅಗೆ ಹಾಕಿ, ಜನವರಿ-ಫೆಬ್ರುವರಿಯಲ್ಲಿ ನೆಟ್ಟು, ಜೂನ್-ಜುಲೈಯಲ್ಲಿ ಒಂದೊಂದೇ ತೆನೆಯನ್ನು ಸಣ್ಣ ಚಾಕುವಿನಿಂದ ಕೊಯ್ದು ಕಟ್ಟು ಕಟ್ಟುತ್ತಾರೆ. ಒಂದೇ ಬೆಳೆ, ಅದೂ ಮನೆಯ ಊಟಕ್ಕೆ. ಓದಿದ ಮಕ್ಕಳು ಬಾಗಿಯೊ, ಮನಿಲಾ ಎಂದು ಹೊರಟರೆ ಗೋಡೆಯ ಕಲ್ಲು ಎತ್ತಿಡುವವರಿಲ್ಲ. 2001ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, 2012ರಲ್ಲಿ ತೆಗೆಯಿತು. ಪಟ್ಟಿಯಿಂದ ಹೊರಬಂದ ಮಾತ್ರಕ್ಕೆ ದುಡಿಯುವ ಕೈ ಹೆಚ್ಚಾಗಲಿಲ್ಲ.

ಕೆಲಸದ ಪದ್ಧತಿ ಮಲೆನಾಡಿನವರಿಗೆ ಪರಿಚಿತವೇ. ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಎಂಬ ಮುಯ್ಯಾಳಿಗೆ ಅವರು ಉಬ್ಬು ಎನ್ನುತ್ತಾರೆ. ದರೆ ಜರಿದಾಗ, ಸಾವಾದಾಗ ಲೆಕ್ಕವಿಡದೆ ನೆರವಾಗುವುದು ಬದ್ದಂಗ್. ಕಳೆ ತೆಗೆಯುವಾಗ, ತೆನೆ ಕೊಯ್ಯುವಾಗ ಹೆಂಗಸರು ಹುಡ್‌ಹುಡ್ ಎಂಬ ಕಥನಗೀತೆ ಹಾಡುತ್ತಾರೆ. ಒಬ್ಬ ಹಿರಿಯಳು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸುತ್ತಾರೆ. ಪೂರ್ತಿ ಹಾಡಿದರೆ ದಿನಗಟ್ಟಲೆ ಸಾಗುತ್ತದೆ. ಕೈಕೊಯ್ಲು ಕಡಿಮೆಯಾದಂತೆ ಹಾಡಿಗೂ ಜಾಗ ಕಡಿಮೆಯಾಗುತ್ತಿದೆ.

ಕೊನೆಗೆ ಸೊಪ್ಪಿನ ಬೆಟ್ಟ. ಹೌದು, ಹತ್ತಿರದ್ದೊಂದು ಉಂಟು. ಗದ್ದೆಗಳ ನೆತ್ತಿಯ ಮೇಲೆ ಕುಟುಂಬವೊಂದು ಕಾಯ್ದುಕೊಂಡ ಕಾಡಿಗೆ ಮುಯೊಂಗ್ ಎಂದು ಹೆಸರು. ಆದರೆ ನಿಮ್ಮ ಬೆಟ್ಟ ತೋಟಕ್ಕೆ ಸೊಪ್ಪು ಕೊಟ್ಟರೆ ಮುಯೊಂಗ್‌ನ ಮೊದಲ ಕೊಡುಗೆ ನೀರು. ಮಳೆ ಇಂಗಿ ಒರತೆಯಾಗಿ ಇಳಿದು ಮೇಲಿನ ಗದ್ದೆ ತುಂಬುತ್ತದೆ, ಅಲ್ಲಿಂದ ಕೆಳಗಿನದಕ್ಕೆ. ಸೌದೆ, ಮನೆಯ ಮರ, ಬೆತ್ತ ಆಮೇಲಿನವು. ಅಡಿಕೆಯೂ ಉಂಟು! ವೀಳ್ಯ, ಸುಣ್ಣದ ಜೊತೆ ಅಗಿಯುವ ಅಡಿಕೆಗೆ ಅಲ್ಲಿ ಮೊಮಾ ಎನ್ನುತ್ತಾರೆ, ಬಂದವರಿಗೆ ಕೊಡುವುದೂ ಅದನ್ನೇ. ಗದ್ದೆಯೂ ಅದರ ಕಾಡೂ ಒಡೆಯದಂತೆ ಹೆಚ್ಚಾಗಿ ಹಿರಿಯ ಮಗುವಿಗೇ ಹೋಗುತ್ತವೆ, ಮಗನಾದರೂ ಮಗಳಾದರೂ.

ಹಕ್ಕಿನ ತೊಡಕೂ ನಿಮ್ಮದರಂತೆಯೇ. ಫಿಲಿಪ್ಪೀನ್ಸಿನ 1975ರ ಅರಣ್ಯ ಕಾಯ್ದೆ ಶೇ 18 ಅಥವಾ ಹೆಚ್ಚು ಇಳಿಜಾರಿನ ನೆಲವನ್ನು ಖಾಸಗಿಗೆ ಕೊಡುವಂತಿಲ್ಲ ಎಂದಿತು. ಇಫುಗಾವೊದಲ್ಲಿ ಅದಕ್ಕಿಂತ ಸಪಾಟಾದ ನೆಲ ಎಷ್ಟಿದ್ದೀತು? 1997ರ ಮೂಲನಿವಾಸಿ ಹಕ್ಕುಗಳ ಕಾಯ್ದೆ ಪಿತ್ರಾರ್ಜಿತ ನೆಲದ ಹಕ್ಕನ್ನು ಒಪ್ಪಿತು. ಪ್ರವಾಸಿಗರಿಗೆ ಮಾರುವ ಮರದ ಕೆತ್ತನೆಗೆ ಮುಯೊಂಗ್‌ನ ಮರ ಉರುಳಿದ ಕಡೆ ಒರತೆ ಬತ್ತಿ, ಮೇಲೆ ಹೇಳಿದ ಬಿರುಕಿನ ಸರಣಿ ಶುರುವಾಗುತ್ತದೆ.

ಹೋಗಿ ನೋಡುವ ಆಸೆಯನ್ನೂ ನೀವು ಬರೆದಿದ್ದೀರಿ. ಮನಿಲಾದಿಂದ ರಾತ್ರಿ ಬಸ್ಸು ಹತ್ತಿದರೆ ಸುಮಾರು ಒಂಬತ್ತು ಗಂಟೆಯ ದಾರಿ. ಬಟಾಡ್‌ಗೆ ಕೊನೆಯ ಭಾಗ ನಡೆದೇ ಇಳಿಯಬೇಕು. ನೀರು ಕನ್ನಡಿಯಂತೆ ನಿಂತದ್ದು ಕಾಣಬೇಕಾದರೆ ಜನವರಿ, ಹಸಿರಿಗೆ ಏಪ್ರಿಲ್-ಮೇ, ಮಾಗಿದ ತೆನೆಗೆ ಜೂನ್ ಕೊನೆ. ಬದುವಿನ ಅಗಲ ಒಂದೆರಡು ಪಾದವಷ್ಟೇ, ಮಳೆ ಬಿದ್ದ ದಿನ ಜಾರುತ್ತದೆ. ಎದುರಿಗೆ ಹೊರೆ ಹೊತ್ತವರು ಬಂದರೆ ಅಗಲವಾದ ಕಡೆ ನಿಂತು ದಾರಿ ಬಿಡಿ, ಬದುವಿನ ಅಂಚಿನ ಕಲ್ಲಿನ ಮೇಲೆ ಮಾತ್ರ ಕಾಲಿಡಬೇಡಿ.