ಗ್ರಿಮ್ಸ್‌ಬಿಯ ವೆದರ್‌ಸ್ಪೂನ್‌ಗೆ ಒಬ್ಬರೇ ಹೋಗಬಹುದಾ?

ಗ್ರಿಮ್ಸ್‌ಬಿ ಇಂಗ್ಲೆಂಡಿನ ಒಂದು ಬಂದರು ಊರು, ವೆದರ್‌ಸ್ಪೂನ್ ಬ್ರಿಟನ್ನಿನ ಪಬ್‌ಗಳ ಒಂದು ಕಂಪನಿ. ಕುಡಿಯದ ಸಸ್ಯಾಹಾರಿಯೊಬ್ಬರು ಅಲ್ಲಿ ಒಬ್ಬರೇ ಕೂತರೆ ಮುಜುಗರವಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ, ಧೈರ್ಯವಾಗಿ ಹೋಗಿ. ಬೆಳಿಗ್ಗೆ ಹೊತ್ತು ಅಲ್ಲಿ ಬಿಯರ್‌ನಷ್ಟೇ ಟೀ, ಕಾಫಿಯೂ ನಡೆಯುತ್ತದೆ. ಕಪ್ಪನ್ನು ಮತ್ತೆ ತುಂಬಿಸಿಕೊಳ್ಳಲು ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ.

ಯಾರೂ ಮೇಜಿನ ಹತ್ತಿರ ಬಂದು ಆರ್ಡರ್ ಕೇಳುವುದಿಲ್ಲ. ಸುಮ್ನೆ ಕಾಯಬೇಡಿ. ಮೇಜಿನ ನಂಬರ್ ನೋಡಿಕೊಂಡು ಕೌಂಟರ್‌ನಲ್ಲಿ ಅಥವಾ ಆ್ಯಪ್‌ನಲ್ಲಿ ಹೇಳಿ, ಊಟ ತಂದುಕೊಡುತ್ತಾರೆ. ಸಸ್ಯಾಹಾರಿ ಬ್ರೇಕ್‌ಫಾಸ್ಟ್‌ನಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ಬೇಡವಾದರೆ ವೀಗನ್ ಬ್ರೇಕ್‌ಫಾಸ್ಟ್ ಕೇಳಿ. ಮಧ್ಯಾಹ್ನಕ್ಕೆ ಬೇಯಿಸಿದ ಇಡೀ ಆಲೂಗಡ್ಡೆ ಮತ್ತು ಬೀನ್ಸ್ ಕಾಳು (ಬೇಕ್ಡ್ ಬೀನ್ಸ್) ಸಾಕು. ರುಚಿ ಸಪ್ಪೆ, ಹೊಟ್ಟೆ ಮಾತ್ರ ತುಂಬುತ್ತದೆ.

ಅಲ್ಲಿನ ಪಬ್ ಇರುವುದು ಯಾರ್‌ಬರೋ ಹೋಟೆಲ್‌ನಲ್ಲಿ, ರೈಲ್ವೆ ಸ್ಟೇಷನ್ ಪಕ್ಕದಲ್ಲೇ. 19ನೇ ಶತಮಾನದ ಕಟ್ಟಡ. 1979ರಲ್ಲಿ ಟಿಮ್ ಮಾರ್ಟಿನ್ ಲಂಡನ್‌ನಲ್ಲಿ ಶುರು ಮಾಡಿದ ಈ ಕಂಪನಿ ಎಷ್ಟೋ ಊರುಗಳಲ್ಲಿ ಹಳೆಯ ಬ್ಯಾಂಕು, ಸಿನಿಮಾ ಮಂದಿರಗಳನ್ನು ಪಬ್ ಮಾಡಿದೆ. ಇಲ್ಲದಿದ್ದರೆ ಅವುಗಳಲ್ಲಿ ಕೆಲವಾದರೂ ಬಾಗಿಲು ಮುಚ್ಚಿ ಹಾಳಾಗುತ್ತಿದ್ದವು ಅನ್ನೋದು ನನ್ನ ನಂಬಿಕೆ.

ಊರು ಸೊರಗಿದೆ ನಿಜ. ಒಂದು ಕಾಲದಲ್ಲಿ ಜಗತ್ತಿನ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದಾಗಿತ್ತು. 1975ರಲ್ಲಿ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಕಡಲ ಗಡಿಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿತು. ಮರುವರ್ಷ ಬ್ರಿಟನ್ ಅದನ್ನು ಒಪ್ಪಿಕೊಳ್ಳಬೇಕಾಯಿತು. ದೂರದ ಕಡಲಿಗೆ ಹೋಗುತ್ತಿದ್ದ ದೋಣಿಗಳ ಕೆಲಸ ಹೋಯಿತು. ಹಾಗಾಗಿ ಪಕ್ಕದ ಮೇಜಿನ ವಯಸ್ಸಾದವರು ಮಾತಿಗೆಳೆದರೆ ದಯವಿಟ್ಟು ಮಾತಾಡಿ. ಬಂದರಿನ ಬಗ್ಗೆ ಅವರಿಗಿಂತ ಚೆನ್ನಾಗಿ ಹೇಳುವವರು ಸಿಗುವುದಿಲ್ಲ.

ಶುಕ್ರವಾರ, ಶನಿವಾರ ರಾತ್ರಿ ಗಲಾಟೆ ಜಾಸ್ತಿ. ವಾರದ ನಡುವೆ ಹಗಲಲ್ಲಿ ಹೋಗಿ.