ನಗರ ಯೋಜನೆಗೆ ಜಿಐಎಸ್ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಹುಬ್ಬಳ್ಳಿಯಲ್ಲಿ ಸಿವಿಲ್ ಓದುತ್ತಿದ್ದೀರಿ, ಜಿಐಎಸ್ (ನಕ್ಷೆಯ ಮೇಲೆ ಮಾಹಿತಿ ಜೋಡಿಸಿ ವಿಶ್ಲೇಷಿಸುವ ಕಂಪ್ಯೂಟರ್ ವ್ಯವಸ್ಥೆ) ಕಲಿಯೋದು ಹೇಗೆ ಅಂತ ಕೇಳಿದ್ದೀರಿ. ದುಡ್ಡು ಕೊಟ್ಟು ಕೋರ್ಸ್ ಸೇರುವ ಮೊದಲು ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದು ಉಚಿತ. ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಆನ್‌ಲೈನ್ ನಕ್ಷೆ ಸಾಕು.

ಸುಮ್ನೆ ಒಂದೊಂದೇ ಬಟನ್ ಕಲಿಯುತ್ತಾ ಕೂರಬೇಡಿ. ನಿಮ್ಮೂರಿನದೇ ಒಂದು ಪ್ರಶ್ನೆ ಹಿಡಿಯಿರಿ: ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಯಾವ ಮನೆಗಳಿವೆ? ಉಣಕಲ್, ನವನಗರ, ರಾಯಾಪುರದ ನಿಲ್ದಾಣಗಳಿಗೆ ಚುಕ್ಕಿ ಇಡಿ. ಪ್ರತಿ ಚುಕ್ಕಿಯ ಸುತ್ತ 500 ಮೀಟರ್ ಬಫರ್, ಅಂದರೆ ಅಷ್ಟು ದೂರದವರೆಗಿನ ವೃತ್ತ, ಹಾಕಿ.

ಹೊಸಬರು ಜಾಸ್ತಿ ಎಡವೋದು ಇಲ್ಲೇ. ನಾನೂ ಎರಡು ದಿನ ಒದ್ದಾಡಿದ್ದೆ. ಲೇಯರ್ (ನಿಮ್ಮ ಚುಕ್ಕಿಗಳಿರುವ ಪದರ) ಡಬ್ಲ್ಯೂಜಿಎಸ್ 84ರಲ್ಲಿ, ಅಂದರೆ ಅಕ್ಷಾಂಶ-ರೇಖಾಂಶದ ಪದ್ಧತಿಯಲ್ಲಿ, ಇದ್ದರೆ ಅಳತೆ ಡಿಗ್ರಿಯಲ್ಲಿರುತ್ತದೆ. ಆಗ 500 ಅಂದರೆ 500 ಡಿಗ್ರಿ! ಭೂಮಿಗಿಂತ ದೊಡ್ಡ ವೃತ್ತ ಬರುತ್ತದೆ. ಮೊದಲು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ (ಕ್ಯೂಜಿಐಎಸ್‌ನಲ್ಲಿ ಅದರ ಕೋಡ್ ಇಪಿಎಸ್‌ಜಿ 32643) ಲೇಯರನ್ನೇ ರಿಪ್ರೊಜೆಕ್ಟ್ ಮಾಡಿ, ಅಂದರೆ ಬದಲಾಯಿಸಿ. ಪ್ರಾಜೆಕ್ಟ್ ಸೆಟ್ಟಿಂಗ್ ಬದಲಿಸಿದರೆ ಸಾಲದು. ಹುಬ್ಬಳ್ಳಿ-ಧಾರವಾಡ ಎರಡೂ ಆ ವಲಯದಲ್ಲೇ ಬರುತ್ತವೆ.

ಆಮೇಲೆ ಆ ನಕ್ಷೆ ಹಿಡಿದು ಒಂದು ಸಂಜೆ ನಡೆದು ನೋಡಿ. ನಡುವೆ ಉದ್ದದ ಕಾಂಪೌಂಡ್ ಗೋಡೆ ಇದ್ದರೆ 300 ಮೀಟರ್ ದೂರದ ಮನೆಯಿಂದಲೂ ಒಂದು ಕಿಲೋಮೀಟರ್ ಸುತ್ತಬೇಕಾಗುತ್ತದೆ, ಅಲ್ವಾ? ವೃತ್ತ ಸಾಲದು, ರಸ್ತೆ ಹಿಡಿದು ಅಳೆಯಬೇಕು ಅಂತ ಆಗ ಕಾಲಿಗೇ ತಿಳಿಯುತ್ತದೆ. ಅದಕ್ಕೆ ಬೇಕಾದ ನೆಟ್‌ವರ್ಕ್ ಅನಾಲಿಸಿಸ್ ಅನ್ನೋ ಸಾಧನ ಕೂಡ ಕ್ಯೂಜಿಐಎಸ್‌ನಲ್ಲೇ ಇದೆ.