ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿ ಸೀಟು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಏಪ್ರಿಲ್ ಕೊನೆಯ ವಾರ ಅವರು ನನ್ನ ಬಳಿ ಸಲಹೆ ಕೇಳಲು ಬಂದರು. ಹೆಸರು ಶಶಿ ಅಂತ ಇಟ್ಟುಕೊಳ್ಳೋಣ. ವಯಸ್ಸು 31. ಮನೆ ಉಡುಪಿ, ಕೆಲಸ ಮಂಗಳೂರಿನ ಒಂದು ಆಡಿಟರ್ ಕಚೇರಿಯಲ್ಲಿ. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳಿದರು, "ಮೇಡಂ, ನನಗೆ ಈಗೀಗ ಜನ ಕಂಡರೆ ಆಗುವುದಿಲ್ಲ. ಇದು ಎಂಥದ್ದಾದರೂ ಕಾಯಿಲೆಯಾ?"

ಮಾರ್ಚ್ 31ಕ್ಕೆ ಬ್ಯಾಂಕುಗಳ ವರ್ಷದ ಲೆಕ್ಕ ಮುಗಿಯುತ್ತದೆ. ಏಪ್ರಿಲ್ ಶುರುವಾದ ಕೂಡಲೇ ಶಾಖೆಗಳ ಆಡಿಟ್. ಶಶಿಯ ತಂಡಕ್ಕೆ ಈ ಸಲ ಹುಬ್ಬಳ್ಳಿ ಕಡೆಯ ಶಾಖೆಗಳು ಬಂದಿದ್ದವು. ನಾಲ್ಕು ಜನ, ಒಂದು ಕಾರು, ಎರಡು ರೂಮು, ಹನ್ನೆರಡು ದಿನ. ಬೆಳಿಗ್ಗೆ ಚಹಾ ಒಟ್ಟಿಗೆ, ದಿನವಿಡೀ ಒಂದೇ ಮೇಜು, ರಾತ್ರಿ ಊಟ ಒಟ್ಟಿಗೆ. ಆಮೇಲೆ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯ ಜೊತೆ. ಅವರನ್ನು ಕಚೇರಿಯಲ್ಲಿ ಎಲ್ಲರೂ 'ಅಣ್ಣ' ಅಂತಲೇ ಕರೆಯುವುದು.

ಅಣ್ಣ ಕೆಟ್ಟವರಾಗಿದ್ದರೆ ವಿಷಯ ಸುಲಭವಿತ್ತು. ಶಶಿಗೆ ಕೆಲಸ ಕಲಿಸಿದವರೇ ಅವರು. ಮದುವೆಯಲ್ಲಿ ಪಂಕ್ತಿಗೆ ನಿಂತು ಬಡಿಸಿದವರು. ಆದರೆ ರೂಮಿನಲ್ಲಿ ರಾತ್ರಿ ಹನ್ನೆರಡರವರೆಗೆ ಟಿವಿ, ಅದರ ಮೇಲೆ ಫೋನಿನಲ್ಲಿ ರೀಲ್ಸ್. ಶಶಿಯ ಹೆಂಡತಿ ಬಾಣಂತನಕ್ಕೆ ಕಾರ್ಕಳದ ತವರಿನಲ್ಲಿದ್ದರು, ಮಗುವಿಗೆ ಮೂರು ತಿಂಗಳು. ರಾತ್ರಿ ಒಂಬತ್ತಕ್ಕೆ ಫೋನ್ ಬಂದರೆ ಅಣ್ಣ ಪಕ್ಕದ ಮಂಚದಿಂದಲೇ, "ಮಗು ಮಲಗಿತಾ? ಕೊಡು ಇಲ್ಲಿ, ನಾನೂ ನೋಡ್ತೇನೆ" ಅನ್ನುತ್ತಿದ್ದರು. ಶಶಿ ತುಳುವಿನಲ್ಲಿ ಮಾತಾಡಿ ನೋಡಿದರು. ಅಣ್ಣ ತುಳುವಿನಲ್ಲೇ ಉತ್ತರ ಕೊಟ್ಟರು! ನಮ್ಮ ಕಡೆ ಭಾಷೆ ಬದಲಿಸಿ ಗುಟ್ಟು ಉಳಿಸಿಕೊಳ್ಳುವುದು ಆಗದ ಮಾತು ಬಿಡಿ. ಕೊನೆಗೆ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಲು ಶುರು ಮಾಡಿದರು. ಒಂಬತ್ತನೇ ದಿನ ಕಾರಿನ ಏಸಿ ವಿಷಯಕ್ಕೆ ಅಣ್ಣನ ಮೇಲೆ ರೇಗಿಬಿಟ್ಟರು. ಮತ್ತೆ ಮೂರು ದಿನ ಕಾರಿನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಇಂಥ ವಿಷಯ ತಂದವರಲ್ಲಿ ನಾನು ಮೊದಲು ಕೇಳುವುದು ಒಂದೇ: ನಿಮಗಾಗುತ್ತಿರುವುದು ಕಿರಿಕಿರಿಯಾ, ಹೆದರಿಕೆಯಾ? ಎರಡಕ್ಕೂ ದಾರಿ ಬೇರೆ. ಹಿಂದೊಮ್ಮೆ ಬಂದಿದ್ದ ಯುವತಿಗೆ ಹೆದರಿಕೆಯಾಗಿತ್ತು. ಟೂರಿನಲ್ಲಿ ಸಹೋದ್ಯೋಗಿಯೊಬ್ಬ ರಾತ್ರಿ ಮತ್ತೆ ಮತ್ತೆ ಬಾಗಿಲು ಬಡಿಯುತ್ತಿದ್ದ. ಅದಕ್ಕೆ ಹೊಂದಾಣಿಕೆಯ ಸಲಹೆ ಕೊಡಬಾರದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ, ಕೆಲಸಕ್ಕಾಗಿ ಹೋದ ಜಾಗವೂ ಕಚೇರಿಯವರು ಕೊಟ್ಟ ವಾಹನವೂ ಕೆಲಸದ ಸ್ಥಳವೇ. ಹತ್ತು ಜನ ಅಥವಾ ಜಾಸ್ತಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು, ಆಗದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಆಕೆಯನ್ನು ನಾನು ಆ ದಾರಿಗೇ ಕಳಿಸಿದ್ದೆ.

ಶಶಿಯದು ಬರೀ ಕಿರಿಕಿರಿ. ಮೇ ತಿಂಗಳಲ್ಲಿ ಶಿವಮೊಗ್ಗಕ್ಕೆ ನಾಲ್ಕು ದಿನದ ಕೆಲಸವಿತ್ತು. "ಒಂದು ಸಂಜೆ ತಲೆನೋವು ಅಂತ ಹೇಳಿ ರೂಮಿನಲ್ಲೇ ಉಳಿಯಿರಿ" ಅಂದುಬಿಟ್ಟೆ. ತಪ್ಪು ಸಲಹೆ. ತಲೆನೋವು ಅಂದ ಕೂಡಲೇ ಅಣ್ಣ ಊಟವನ್ನು ರೂಮಿಗೇ ತರಿಸಿದರು, ಅಮೃತಾಂಜನ ತಂದರು, ರಾತ್ರಿಯವರೆಗೂ ಪಕ್ಕದಲ್ಲೇ ಕೂತರು. ನಮ್ಮವರಿಗೆ ಕಾಯಿಲೆ ಹೇಳಿ ಒಂಟಿಯಾಗಿರಲು ಆಗುತ್ತದಾ? ಇಲ್ಲಿ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಬೇಕಿತ್ತು.

ಎರಡನೇ ಸಲ ಬಂದಾಗ ಟೂರಿನ ಮಾತು ಬದಿಗಿಟ್ಟು, ಮಾಮೂಲಿ ದಿನ ಹೇಗಿರುತ್ತದೆ ಅಂತ ಕೇಳಿದೆ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು, ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ. ಕಿಟಕಿ ಸೀಟು ಸಿಕ್ಕಿದರೆ ಏನು ಮಾಡುತ್ತೀರಿ ಅಂದೆ. "ಏನೂ ಇಲ್ಲ, ಸುಮ್ನೆ ಕೂರ್ತೇನೆ." ಹೇಳಿ ಅವರೇ ಒಂದು ಕ್ಷಣ ನಿಂತರು.

ಬಸ್ಸಿನ ತುಂಬ ಜನ. ಆದರೆ ಅಲ್ಲಿ ಯಾರೂ ಇವರನ್ನು ಏನೂ ಕೇಳುವುದಿಲ್ಲ. ದಿನಕ್ಕೆ ಮೂರು ಗಂಟೆ ಇವರು ತಮ್ಮ ಪಾಡಿಗೆ ತಾವಿದ್ದರು, ಅದು ಅವರಿಗೇ ತಿಳಿದಿರಲಿಲ್ಲ. ಬೈಯುತ್ತಲೇ ಓಡಾಡಿದ ದಾರಿ ಅದು! ಟೂರಿಗೆ ಹೋದಾಗ ತಪ್ಪಿಹೋದದ್ದು ಅದೇ. ಜನ ಬೇಡವಾಗಿದ್ದಲ್ಲ, ಕಾಯಿಲೆಯೂ ಅಲ್ಲ. ಹಾಗಾಗಿ ಪ್ರಶ್ನೆ ಅಣ್ಣನಿಂದ ತಪ್ಪಿಸಿಕೊಳ್ಳುವುದು ಹೇಗೆ ಅನ್ನುವುದಲ್ಲ. ಆ ಬಸ್ಸಿನ ಹೊತ್ತಿನಲ್ಲಿ ಸ್ವಲ್ಪವನ್ನಾದರೂ ಟೂರಿನಲ್ಲಿ ಎಲ್ಲಿ ಇಡುವುದು?

ಹೇಳುವುದನ್ನು ಹೊರಡುವ ಮೊದಲೇ ಹೇಳಿ ಅಂದೆ. ಕಚೇರಿಯಲ್ಲಿ, ಚಹಾದ ಹೊತ್ತಿಗೆ. ಒಂಬತ್ತನೇ ದಿನ ಹೇಳಿದರೆ ಅದು ಜಗಳವಾಗುತ್ತದೆ, ಮೊದಲ ದಿನಕ್ಕೂ ಮುಂಚೆ ಹೇಳಿದರೆ ಬರೀ ಟೈಮ್ ಟೇಬಲ್. ಮಾತು ಗಂಟೆಯ ಬಗ್ಗೆ ಇರಲಿ, ಅಣ್ಣನ ಬಗ್ಗೆ ಬೇಡ. ಇಬ್ಬರೂ ಕೂತು ವಾಕ್ಯ ಮಾಡಿದೆವು: "ಅಣ್ಣ, ಊಟ ನಿಮ್ಮ ಜೊತೆಯೇ. ಒಂಬತ್ತರಿಂದ ಹತ್ತು ನಾನು ಹೊರಗೆ ನಡೆದುಕೊಂಡು ಮನೆಗೆ ಫೋನ್ ಮಾಡ್ತೇನೆ. ಬೇಜಾರ್ ಮಾಡ್ಕೊಳ್ಬೇಡಿ." ಶಶಿ ಮೊದಲು ಹೇಳಿದಾಗ ಬೇಜಾರ್ ಮಾಡ್ಕೊಳ್ಬೇಡಿ ನಾಲ್ಕು ಸಲ ಬಂತು. ಮೂರು ತೆಗೆದೆವು. ಒಂದನ್ನು ಬೇಕಂತಲೇ ಉಳಿಸಿದೆ. ಅದೂ ಇಲ್ಲದಿದ್ದರೆ ನಮ್ಮಲ್ಲಿ ಮಾತು ಒರಟಾಗುತ್ತದೆ.

ಊಟಕ್ಕೆ ಕೂತಾಗ ಪೂರ್ತಿಯಾಗಿ ಕೂರಿ, ಫೋನ್ ನೋಡಬೇಡಿ ಅಂತಲೂ ಹೇಳಿದೆ. ಜೊತೆಗಿರುವ ಹೊತ್ತು ಗಟ್ಟಿಯಾಗಿದ್ದರೆ ಎದ್ದು ಹೋಗುವುದು ಯಾರಿಗೂ ಚುಚ್ಚುವುದಿಲ್ಲ. ಟಿವಿಗೆ ಹನ್ನೊಂದು ಗಂಟೆಯ ಮಿತಿ ಕೇಳಬಹುದು, ಗೊರಕೆಗೆ ಮೆಡಿಕಲ್ಸ್‌ನಲ್ಲಿ ಸಿಗುವ ಇಯರ್ ಪ್ಲಗ್ ಸಾಕು. ಉದ್ದದ ಟೂರಾದರೆ ಒಂದೆರಡು ರಾತ್ರಿಗಾದರೂ ಬೇರೆ ರೂಮು ಬೇಕು ಅಂತ, ಬುಕಿಂಗ್ ಮಾಡುವವರಲ್ಲಿ ಮೊದಲೇ ಕೇಳಿ, ಹೆಚ್ಚಿನ ದುಡ್ಡು ನೀವೇ ಕೊಡುವುದಾದರೂ ಸರಿ ಅಂದೆ. ಶಶಿ ಇದಕ್ಕೆ ಮಾತ್ರ ಒಪ್ಪಲಿಲ್ಲ. "ಜಂಬ ಅಂತಾರೆ ಮೇಡಂ." ಅನ್ನಬಹುದು, ನಿಜ. ನಾನು ಒತ್ತಾಯ ಮಾಡಲಿಲ್ಲ.

ಜುಲೈಯಲ್ಲಿ ಒಂದು ರಾತ್ರಿ ಫೋನ್ ಬಂತು. ಘಟ್ಟದ ಮೇಲೆ ಜೋರು ಮಳೆ, ಆ ಊರಿನಲ್ಲಿ ಇದ್ದದ್ದು ಒಂದೇ ಲಾಡ್ಜ್, ರೂಮಿಗೆ ಮೂವರು. ನಡೆಯಲು ಹೋಗುವ ಹಾಗಿಲ್ಲ. ಎಲ್ಲಿಂದ ಮಾತಾಡ್ತಿದ್ದೀರಿ ಅಂದೆ. ಬಸ್ ಸ್ಟ್ಯಾಂಡಿನ ಬೆಂಚಿನಿಂದ ಅಂದರು. ಕೊಡೆ ಅಣ್ಣನದಂತೆ. ಹತ್ತಕ್ಕೆ ಲಾಡ್ಜಿನ ಗೇಟು ಹಾಕ್ತಾರೆ, ಅಷ್ಟರೊಳಗೆ ಬಾ ಅಂದಿದ್ದಾರಂತೆ. ಹಾಗಾದರೆ ನನ್ನ ಜೊತೆ ಮಾತು ಸಾಕು, ಕಾರ್ಕಳಕ್ಕೆ ಮಾಡಿ ಅಂತ ಫೋನ್ ಇಟ್ಟೆ.